ಕೀಲಿ ಜಗ್ಗುವ ಕಾಕಾ

ಕಾಕಾ ಅವರ ಬಲಗೈಯ ನಡುವಿನ ಎರಡು ಬೆರಳುಗಳ ಒಳಮೈಯಲ್ಲಿ ಒಂದು ಗುಳಿ ಬಿದ್ದಿತ್ತು. ಹಡಗಿನ ಚೀಲ ಹೊತ್ತವರ ಕೈ ಜಡ್ಡುಗಟ್ಟುವುದು ಸಹಜ. ಆದರೆ ಇದು ಚೀಲದ ಗುರುತಲ್ಲ. ಬಾಗಿಲಿಗೆ ಹಾಕಿದ ಕೀಲಿಯನ್ನು, ಅಂದರೆ ಬೀಗವನ್ನು, ಹತ್ತಿದೆಯೋ ಇಲ್ಲವೋ ಎಂದು ಜಗ್ಗಿ ಜಗ್ಗಿ ನೋಡಿ ಬಿದ್ದದ್ದು. ಪಕ್ಕದಲ್ಲಿ ಕೂತರೆ ಆ ಬೆರಳುಗಳಿಂದ ಹಿತ್ತಾಳೆಯ ವಾಸನೆ ಬರುತ್ತಿತ್ತು. ಹೀಗೆ ಬರೆದ ಕೂಡಲೇ ಅನುಮಾನವಾಗುತ್ತಿದೆ, ಕೀಲಿ ಕಬ್ಬಿಣದ್ದಿತ್ತೇನೋ.

ಎಂಬತ್ತರ ದಶಕದ ನಡುವೆ ನಾನು ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿದೆ. ಎಲ್ಲವನ್ನೂ ಅನುಮಾನಿಸುವುದನ್ನು ಕಲಿತ ಮೇಲೆ, ಅದಕ್ಕೆ ಯಾರೂ ಸಂಬಳ ಕೊಡುವುದಿಲ್ಲವೆಂದು ತಿಳಿದು ಗೋವಾದ ವಾಸ್ಕೋಗೆ ಬಂದೆ. ಬಂದರಿನಲ್ಲಿ ಹಡಗಿನಿಂದ ಇಳಿಯುವ ಚೀಲಗಳನ್ನು ಎಣಿಸುವ ಕೆಲಸ ಸಿಕ್ಕಿತು. ಬಾಯ್ನಾದಲ್ಲಿ ವಿಜಾಪುರ ಕಡೆಯವರ ಓಣಿಯೊಂದಿತ್ತು. ಅಲ್ಲಿ ಕಾಕಾ ಅವರ ಮನೆಗೆ ಅಂಟಿಕೊಂಡ ಖೋಲಿಯಲ್ಲಿ ಇಳಿದುಕೊಂಡೆ. ಒಂದು ದಿನವೂ ಪಾಠ ಮಾಡದ ನನ್ನನ್ನು ಓಣಿ ಮಾಸ್ತರ ಎಂದು ಕರೆಯಿತು.

ಕಾಕಾ ಚೀಲ ಹೊರುವ ಹಮಾಲರ ತಂಡದ ಮುಕಾದಮ, ಅಂದರೆ ಮುಖಂಡ. ಬೆಳಿಗ್ಗೆ ಗುತ್ತಿಗೆದಾರನ ಟ್ರಕ್ಕು ಓಣಿಯ ಬಾಯಿಗೆ ಬಂದು ನಿಂತರೆ ಮೊದಲು ಮುಕಾದಮ ಹತ್ತಬೇಕು, ಆಮೇಲೆ ತಂಡ. ಮುಕಾದಮನಿಲ್ಲದ ತಂಡವನ್ನು ಬಂದರಿನ ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಹಾಗಾಗಿ ಇಡೀ ಓಣಿಯ ಅನ್ನ ಆ ಕೀಲಿಗೆ ಜೋತುಬಿದ್ದಿತ್ತು. ಕಾಕಾ ಕೀಲಿ ಹಾಕಿ, ಜಗ್ಗಿ, ಟ್ರಕ್ಕಿನವರೆಗೂ ಬಂದು, ಒಂದು ಕಾಲನ್ನು ಮೇಲಿಟ್ಟು, ಮತ್ತೆ ಇಳಿದು ಮನೆಗೆ ಓಡುತ್ತಿದ್ದರು. ಒಳಗೆ ಇದ್ದದ್ದಾದರೂ ಏನು? ಒಂದು ಟ್ರಂಕು, ಒಂದು ಸ್ಟೋವು, ನಾಲ್ಕು ಪಾತ್ರೆ.

ಒಮ್ಮೆ ಅವರ ಹೆಂಡತಿ ಕಾಕು ಜ್ವರ ಬಂದು, ಕೆಲಸಕ್ಕೆ ಹೋಗದೆ ಮನೆಯಲ್ಲೇ ಮಲಗಿದ್ದರು. ಕಾಕಾ ರೂಢಿಯಂತೆ ಹೊರಗಿನಿಂದ ಕೀಲಿ ಹಾಕಿಬಿಟ್ಟರು. ಮೂರನೆಯ ಸಲ ಜಗ್ಗಲು ಬಂದಾಗ ಒಳಗಿನಿಂದ ಧ್ವನಿ ಬಂತು: "ನಾ ಒಳಗ ಅದೀನಿ, ನೀವು ಹೊರಗ ಅದೀರಿ. ನನಗ ಹೊರಗ ಬರಾಕ ಆಗವಲ್ದು. ಕೀಲಿ ಹತ್ತೈತಿ, ಹೋಗ್ರಿ."

ಇನ್ನೊಮ್ಮೆ ಜಗ್ಗಿದ ರಭಸಕ್ಕೆ ಕೊಂಡಿಯೇ ಮೊಳೆಗಳ ಸಮೇತ ಕಿತ್ತು ಕೈಗೆ ಬಂತು. ಕಾಕಾ ಅದನ್ನು ಕಿಸೆಗೆ ಹಾಕಿಕೊಂಡು, ಬಾಗಿಲು ಹಾಗೇ ಬಿಟ್ಟು, ನಗುತ್ತ ಟ್ರಕ್ಕು ಹತ್ತಿದರು. "ಹತ್ತಿಲ್ಲ ಅನ್ನೂದು ಖಾತ್ರಿ ಆತಲ್ರಿ ಮಾಸ್ತರ್ರ, ಇನ್ನೇನು ಚಿಂತಿ?"

ಓಣಿ ಅದನ್ನು ರೋಗವೆಂದು ತಿಳಿದಿರಲಿಲ್ಲ. ಒಬ್ಬರಿಗೆ ತಂಬಾಕಿನ ಚಟ, ಇವರಿಗೆ ಕೀಲಿಯ ಚಟ, ಅಷ್ಟೇ. ಅವರು ಕೇಳಿದಾಗಲೆಲ್ಲ ಎಲ್ಲರೂ "ಹತ್ತೈತ್ರಿ ಕಾಕಾ" ಎನ್ನುತ್ತಿದ್ದರು. ಹೇಳಿದಷ್ಟೂ ಕೇಳುವುದು ಹೆಚ್ಚಾಯಿತು. ಕೊನೆಗೆ ಚೀಲ ಎಣಿಸುತ್ತಿದ್ದ ನನ್ನ ಹತ್ತಿರ ಬಂದು, "ನೀವು ನೋಡೀರಲ್ಲ?" ಎನ್ನತೊಡಗಿದರು. ನೋಡಿದ್ದೇನೆ ಎಂದೆ. "ನೀವು ನೋಡಿದ್ದು ಇವತ್ತಿಂದೋ, ನಿನ್ನೀದೋ?" ನಾನು ಯೋಚಿಸಿದೆ. ಖರೇ ಹೇಳಬೇಕೆಂದರೆ ನನಗೂ ಖಾತ್ರಿಯಿರಲಿಲ್ಲ. ಆ ಸಂಜೆ ಮನೆಗೆ ಹೋದವನು ನನ್ನ ಖೋಲಿಯ ಕೀಲಿಯನ್ನೂ ಎರಡು ಸಲ ಜಗ್ಗಿದೆ.

ಇನ್ನೊಂದು ಸಲ ತಡವಾದರೆ ಮುಕಾದಮನನ್ನೇ ಬದಲಿಸುತ್ತೇನೆಂದು ಗುತ್ತಿಗೆದಾರ ಹೇಳಿ ಕಳಿಸಿದ. ಆ ಜಾಗದ ಮೇಲೆ ಕಣ್ಣಿಟ್ಟವರು ತಂಡದಲ್ಲೇ ಇದ್ದರು. ಪಣಜಿಯ ಸರ್ಕಾರಿ ದವಾಖಾನೆಯಲ್ಲಿ ಮನಸ್ಸಿನ ರೋಗಕ್ಕೆ ಔಷಧ ಕೊಡುತ್ತಾರೆ ಎಂದು ನಾನು ಕಾಕುಗೆ ಹೇಳಿದೆ. ಕಾಕಾ ಸಿಟ್ಟಾದರು. "ಮುಕಾದಮನ ತಲಿ ಕೆಟ್ಟೈತಿ ಅಂತ ಗೊತ್ತಾದ್ರ ಯಾವ ಮಗಾ ನನ್ನ ಮಾತಿಗೆ ಟ್ರಕ್ ಹತ್ತತಾನ್ರಿ?"

"ಮಾಸ್ತರಗ ತೋರಸಾಕ ಹೊಂಟೀವಿ ಅನ್ರಿ," ಎಂದರು ಕಾಕು. "ಅವರಿಗೇನು ತಂಡ ಐತೇನು?"

ಹಾಗೆ ನಾನು ರೋಗಿಯಾದೆ. "ಭಾಳ ಓದಿದ್ರ ಹಿಂಗ," ಎಂದು ಓಣಿ ಮರುಗಿ, ಬಸ್‌ಸ್ಟ್ಯಾಂಡಿನವರೆಗೂ ನನ್ನನ್ನು ಕಳಿಸಲು ಬಂತು.

ದವಾಖಾನೆಯಲ್ಲಿ ಗೋವಾದ ಡಾಕ್ಟರಮ್ಮ ಹಿಂದಿಯಲ್ಲಿ ನನ್ನನ್ನು ಪ್ರಶ್ನೆ ಕೇಳಿದರು. ಪ್ರತಿಯೊಂದಕ್ಕೂ ಉತ್ತರ ಕಾಕಾ ಅವರ ಬಾಯಿಂದ ಬರುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಆಕೆ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿಕೊಂಡರು. ಇದು ಹುಚ್ಚಲ್ಲ, ಬಹಳ ಜನಕ್ಕೆ ಇರುವ ಅನುಮಾನದ ಕಾಯಿಲೆ ಎಂದರು.

"ಅನುಮಾನಾನಾ?" ಎಂದರು ಕಾಕಾ. "ಅದರಾಗ ನಮ್ಮ ಮಾಸ್ತರ ಎಂ.ಎ. ಮಾಡ್ಯಾರ್ರಿ."

ಗುಳಿಗೆ ಕೊಟ್ಟರು. ಕೀಲಿ ಹಾಕಿದ ಮೇಲೆ ಜಗ್ಗಬಾರದು. ಕೇಳಿದರೆ ಯಾರೂ "ಹತ್ತಿದೆ" ಎನ್ನಬಾರದು, ಗೊತ್ತಿಲ್ಲ ಅನ್ನಬೇಕು. ಹೆದರಿಕೆ ಏರುತ್ತದೆ, ಏರಲಿ. ತಡೆದುಕೊಂಡರೆ ತಾನೇ ಇಳಿಯುತ್ತದೆ ಎಂದರು.

ಕಾಕು ಡಾಕ್ಟರ ಹೆಸರೆತ್ತದೆ, ಟ್ರಕ್ಕು ತಪ್ಪಬಾರದೆಂಬ ನೆಪ ಹೇಳಿ, ಮನೆಮನೆಗೆ ಹೋಗಿ ತಾಕೀತು ಮಾಡಿದರು. ಮರುದಿನ ಬೆಳಿಗ್ಗೆ ಟ್ರಕ್ಕಿನ ಹತ್ತಿರ ಕಾಕಾ ಒಬ್ಬ ಹಮಾಲನನ್ನು ಹಿಡಿದರು.

"ಕೀಲಿ ಹತ್ತೈತಿಲ್ಲೋ?"

"ಗೊತ್ತಿಲ್ರಿ ಕಾಕಾ."

"ಬಾಜೂಕ ನಿಂತಿದ್ದೆಲ್ಲಲೇ."

"ಗೊತ್ತಿಲ್ರಿ."

"ನಿಮ್ಮಪ್ಪ ಯಾರು ಅನ್ನೂದರ ಗೊತ್ತೈತಿಲ್ಲೋ?"

"ಅದನ್ನ ಅವ್ವನ್ನ ಕೇಳಬೇಕ್ರಿ."

ಯಾರೂ ನಗಲಿಲ್ಲ. ಕಾಕಾ ಅವರ ಅಂಗಿ ಬೆವರಿಗೆ ಒದ್ದೆಯಾಗಿತ್ತು. ಡ್ರೈವರ್ ಹಾರ್ನ್ ಹೊಡೆದ. ಕಾಕಾ ಓಣಿಯ ಏಳು ತಲೆಮಾರನ್ನೂ ಬೈದು, ಮೇಲೆ ಹತ್ತಿದರು. ಮಧ್ಯಾಹ್ನದವರೆಗೂ ಬೈಯುತ್ತಲೇ ಚೀಲ ಹೊರಿಸಿದರು. ರೊಟ್ಟಿ ಬಿಚ್ಚುವ ಹೊತ್ತಿಗೆ ಬೈಗುಳ ನಿಂತಿತ್ತು. ಸಂಜೆ ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು, ಒಳಗೆ ನಾಯಿಯೊಂದು ಮಲಗಿತ್ತು ಎಂದು ನನ್ನ ನೆನಪು. ಕೀಲಿ ಗಟ್ಟಿಯಾಗಿ ಹತ್ತಿತ್ತು, ನಾಯಿ ಬಂದದ್ದು ಕೊಂಡಿ ಕಿತ್ತ ದಿನ ಎಂದು ಕಾಕು ಹೇಳುತ್ತಾರೆ. ನನ್ನ ನೆನಪಿಗಿಂತ ಅವರ ನೆನಪು ಗಟ್ಟಿ ಎನ್ನಲು ನನ್ನಲ್ಲಿ ಆಧಾರವಿಲ್ಲ. ಇಲ್ಲವೆನ್ನಲೂ ಇಲ್ಲ.

ಚಟ ಪೂರ್ತಿ ಹೋಗಲಿಲ್ಲ, ಆದರೆ ಟ್ರಕ್ಕು ತಪ್ಪುವುದು ನಿಂತಿತು. ನನ್ನ ಹುಚ್ಚು ಮಾತ್ರ ಓಣಿಯಲ್ಲಿ ಹಾಗೇ ಉಳಿಯಿತು. ಕೆಲವು ವರ್ಷಗಳ ಮೇಲೆ, ಕಾಣಕೋಣದಲ್ಲಿದ್ದ ನಮ್ಮ ಕಡೆಯವರೊಬ್ಬರು ತಮ್ಮ ಮಗಳಿಗೆ ನನ್ನನ್ನು ನೋಡಲು ಬಂದರು. ಮೊದಲು ಓಣಿಯಲ್ಲಿ ವಿಚಾರಿಸಿದರು. ಓಣಿ ನನ್ನನ್ನು ಬಾಯ್ತುಂಬ ಹೊಗಳಿತು: "ಹುಡುಗ ಭಾಳ ಚಲೋರಿ. ಬರೇ ತಲಿ ಒಂದ ಸ್ವಲ್ಪ. ಕಾಕಾ ತಿಂಗಳಾ ದವಾಖಾನಿಗೆ ಕರಕೊಂಡ ಹೋಗ್ತಾರ. ಈಗ ಕಡಿಮಿ ಐತಿ."

ಅವರು ಕಾಕಾ ಅವರ ಮನೆಗೆ ಬಂದು ಕೂತರು. ಚಹಾ ಮುಟ್ಟಲಿಲ್ಲ. ರವಿವಾರ, ತಂಡದವರೆಲ್ಲ ಹೊರಗೆ ಕಟ್ಟೆಯ ಮೇಲಿದ್ದರು. ಮುಕಾದಮನ ಜಾಗದ ಮೇಲೆ ಕಣ್ಣಿಟ್ಟವರೂ ಇದ್ದರು. ಕಾಕಾ ಕಟ್ಟೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ತಲಿ ಇವರದಲ್ರಿ, ನಂದು. ಗುಳಿಗಿ ನಾ ತಗೋತೀನಿ. ಇವರು ನನ್ನ ಮರ್ಯಾದಿ ಸಲುವಾಗಿ ಹುಚ್ಚರಾಗ್ಯಾರ."

ಕಟ್ಟೆಯ ಮೇಲಿದ್ದವರು ಬಾಗಿಲ ಕಡೆ ತಿರುಗಿದರು. ಬಂದವರು ತಣ್ಣಗಾದ ಚಹಾ ಎತ್ತಿ ಕುಡಿದು, ಕಾಕಾ ಅವರ ಕಡೆ ಬಾಗಿ, ಧ್ವನಿ ಇಳಿಸಿ ಕೇಳಿದರು: "ಆ ದವಾಖಾನಿಗೆ ಯಾವ ಬಸ್ಸಿಗೆ ಹೋಗಬೇಕ್ರಿ? ನಮ್ಮ ತಮ್ಮ ಒಬ್ಬ ಅದಾನ."

ಮರುದಿನ ಬೆಳಿಗ್ಗೆ ಟ್ರಕ್ಕು ಬಂತು. ಕಾಕಾ ಹತ್ತಿ, ಹಿಂದೆ ತಿರುಗಿ ನೋಡದೆ ನಿಂತರು. ಕೆಳಗೆ ಒಂದು ಕ್ಷಣ ಯಾರೂ ಅಲುಗಾಡಲಿಲ್ಲ. ಆಮೇಲೆ ಅಪ್ಪನ ವಿಷಯ ಅವ್ವನನ್ನು ಕೇಳಬೇಕೆಂದಿದ್ದ ಹಮಾಲ ಹತ್ತಿದ. ಅವನ ಹಿಂದೆ ಉಳಿದವರೂ ಹತ್ತಿದರು.

ನನ್ನ ಮದುವೆಯಾಯಿತು. ಮಾವನವರಿಗೆ ತಮ್ಮನೇ ಇಲ್ಲವೆಂದು ಆಗ ಗೊತ್ತಾಯಿತು.

ತೊಂಬತ್ತರ ದಶಕದ ಕೊನೆಯಲ್ಲಿ ಕಾಕಾ ತೀರಿಕೊಂಡಾಗ ಮಣ್ಣಿಗೆ ಮಾವನವರೂ ಬಂದರು. ಎಲ್ಲರೂ ಎದ್ದು ಹೋದ ಮೇಲೂ ಮಾವನವರು ಕಾಕು ಅವರ ಎದುರು ಕೂತೇ ಇದ್ದರು. "ಕಾಕಾ, ನಾನು ತಿಂಗಳಾ ಜೋಡೀಲೆ ಪಣಜಿಗೆ ಹೋಗ್ತಿದ್ವಿ," ಎಂದರು. "ಬಸ್ಸಿನ್ಯಾಗ ಕಿಡಕಿ ಸೀಟ್ ಅವರು ಒಮ್ಮೀನೂ ತಾವು ಹಿಡೀಲಿಲ್ರಿ, ನನಗ ಬಿಡ್ತಿದ್ರು. ನನಗ ಉಸಿರು ಕಟ್ಟತೈತಿ ಅಂತ ಅವರಿಗೊಬ್ಬರಿಗೆ ಗೊತ್ತಿತ್ತು."