ಮಗಳ ಲಾಗಿನ್‌ನಲ್ಲಿ ಮುರಳೀಧರ

ಮುರಳೀಧರನಷ್ಟು ಮಾಕ್ ಟೆಸ್ಟ್ ಬರೆದ ಮನುಷ್ಯ ಇಡೀ ಘಾಜಿಯಾಬಾದಿನಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ. ಐಎಎಸ್ ಆಗುತ್ತೇನೆಂದು ಹಾಸನದಿಂದ ದೆಹಲಿಗೆ ಬಂದವನು ಮುಖರ್ಜಿ ನಗರದ ಕೋಚಿಂಗ್ ಸೆಂಟರಿನಲ್ಲಿ ಹುಸಿ ಪರೀಕ್ಷೆಗಳನ್ನೆಲ್ಲ ಗೆದ್ದ, ನಿಜವಾದ ಪರೀಕ್ಷೆಯಲ್ಲಿ ಪ್ರತಿ ಸಲವೂ ಮಣ್ಣು ಮುಕ್ಕಿದ. ಪರೀಕ್ಷಾ ಕೋಣೆಯಲ್ಲಿ ಗಂಟೆ ಬಾರಿಸಿದರೆ ಸಾಕು, ಅವನಿಗೆ ತನ್ನ ಹೆಸರೇ ಮರೆತುಹೋಗುತ್ತಿತ್ತು. ವಯಸ್ಸಿನ ಮಿತಿ ದಾಟಿದ ಮೇಲೆ ಊರಿನಲ್ಲಿ ಮುಖ ತೋರಿಸುವುದು ಹೇಗೆಂದು ಇಲ್ಲೇ ಉಳಿದು, ಫರೀದಾಬಾದಿನ ಗೇರ್ ಕಾರ್ಖಾನೆಯೊಂದರ ಖರೀದಿ ವಿಭಾಗ ಸೇರಿಕೊಂಡ. ಬಾಡಿಗೆ ಅಗ್ಗವೆಂದು ಮನೆ ಮಾಡಿದ್ದು ಘಾಜಿಯಾಬಾದಿನಲ್ಲಿ. ನೌಕರಿ ಒಂದು ಮೂಲೆ, ಮನೆ ಇನ್ನೊಂದು ಮೂಲೆ, ನಡುವೆ ಇಡೀ ದೆಹಲಿ. ಇಂಥ ವ್ಯವಸ್ಥೆ ಮಾಡಿಕೊಂಡ ಮಹಾನುಭಾವ ಐಎಎಸ್ ಆಗದಿದ್ದುದು ದೇಶದ ಪುಣ್ಯ ಎಂದು ಹೆಂಡತಿ ರತ್ನಾ ಆಗಾಗ ಹೇಳುತ್ತಿದ್ದಳು.

ಅವರ ಒಬ್ಬಳೇ ಮಗಳು ಹಂಸಿನಿಗೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಆನರ್ಸ್ ಓದಬೇಕಿತ್ತು. ಅದಕ್ಕೆ ಈಗ ಹನ್ನೆರಡನೆಯ ತರಗತಿಯ ಅಂಕ ಇದ್ದರೆ ಸಾಲದು, ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮುರಳೀಧರನ ಹಳೆಯ ಚಟ ಎದ್ದು ಕೂತಿತು. ಮಾಕ್ ಟೆಸ್ಟಿನ ಆ್ಯಪ್ ಒಂದಕ್ಕೆ ಮಗಳ ಹೆಸರಿನಲ್ಲಿ ಚಂದಾದಾರನಾಗಿ, ಅವಳ ಲಾಗಿನ್ನನ್ನು ತನ್ನ ಫೋನಿಗೂ ಹಾಕಿಕೊಂಡ. ಮೊದಲ ಟೆಸ್ಟ್ ಬರೆದದ್ದು ಲೆವೆಲ್ ಹೇಗಿದೆ ನೋಡೋಣ ಅಂತ. ಎರಡನೆಯದು ಮೊದಲನೆಯದರ ತಪ್ಪು ತಿದ್ದಿಕೊಳ್ಳಲಿಕ್ಕೆ. ಮೂರನೆಯದಕ್ಕೆ ಕಾರಣ ಹುಡುಕುವ ಗೋಜಿಗೂ ಅವನು ಹೋಗಲಿಲ್ಲ.

ಮಂಡಿ ಹೌಸ್‌ನಲ್ಲಿ ಮೆಟ್ರೋ ಬದಲಿಸಿ ಕೂತರೆ ಫರೀದಾಬಾದ್ ಬರುವಷ್ಟರಲ್ಲಿ ಒಂದು ಟೆಸ್ಟ್ ಮುಗಿಯುತ್ತಿತ್ತು. ಸಂಜೆ ಬರುವಾಗ ಇನ್ನೊಂದು. ಪಕ್ಕದವನ ಮೊಣಕೈ ಪಕ್ಕೆಗೆ ಚುಚ್ಚುತ್ತಿದ್ದರೂ ಮುರಳೀಧರನಿಗೆ ತನ್ನ ಹೆಸರು ಮರೆಯಲಿಲ್ಲ. ಯಾಕೆಂದರೆ ಪರೀಕ್ಷೆ ಅವನದಲ್ಲವಲ್ಲ.

ಆ್ಯಪಿನಲ್ಲಿ ಹಂಸಿನಿಯ ಅಖಿಲ ಭಾರತ ರ‍್ಯಾಂಕ್ ಏರುತ್ತ ಏರುತ್ತ ಇನ್ನೂರರೊಳಗೆ ಬಂತು. ಅಷ್ಟು ಹೊತ್ತಿಗೆ ಅದು ಯಾರ ರ‍್ಯಾಂಕ್ ಎಂಬುದು ಮುರಳೀಧರನಿಗೇ ಮರೆತುಹೋಗಿತ್ತು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತ ಎಲೆ ಎಲೆಗೂ ಆ ರ‍್ಯಾಂಕನ್ನೂ ಬಡಿಸಿದ. ಬೇರೆ ಕಾಲೇಜುಗಳಿಗೂ ಅರ್ಜಿ ಹಾಕಿಡೋಣ ಅಂದ ರತ್ನಾಳಿಗೆ, "ಇನ್ನೂರರೊಳಗೆ ಇರೋಳಿಗೆ ಅವೆಲ್ಲ ಯಾಕೆ?" ಎಂದು ಕೊನೆಯ ದಿನಾಂಕಗಳನ್ನೆಲ್ಲ ದಾಟಿಸಿಬಿಟ್ಟ. ಇನ್ನು ಸಿಯುಇಟಿ ಕೈಕೊಟ್ಟರೆ ಹುಡುಗಿಯ ಒಂದು ವರ್ಷ ಹಾಳು.

ಏಪ್ರಿಲ್ಲಿನ ಒಂದು ಸಂಜೆ ತಾಯಿ ಮಗಳು ತರಕಾರಿ ಗಾಡಿಯ ಮುಂದೆ ನಿಂತಿದ್ದರು. ಗಾಡಿಯ ಭಯ್ಯಾನಿಗೆ ದುಡ್ಡು ಕಳಿಸಲೆಂದು ರತ್ನಾ ಫೋನ್ ತೆಗೆದರೆ ತಂದೆತಾಯಿಗೆಂದು ಆ್ಯಪಿನವರು ಕಳಿಸುವ ಸಂದೇಶ ಬಂದು ಬಿದ್ದಿತ್ತು: 'ಅಭಿನಂದನೆಗಳು, ಹಂಸಿನಿ ಈಗಷ್ಟೇ ಇತಿಹಾಸದ ಟೆಸ್ಟ್ ಮುಗಿಸಿದ್ದಾಳೆ.' ಹಂಸಿನಿ ಎಳೆ ಸೌತೆಕಾಯಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

"ನೀನು ಇಲ್ಲಿ ಸೌತೆಕಾಯಿ ತಿಂತಿದೀಯ. ಟೆಸ್ಟ್ ಬರೆದೋರು ಯಾರೇ?"

"ಅಪ್ಪ ಹೋಂಗೇ, ಇನ್ಯಾರು," ಅಂದಳು ಹಂಸಿನಿ, ಅಗಿಯುತ್ತಲೇ. "ಈ ಟೈಮ್‌ಗೆ ಮೆಟ್ರೋದಲ್ಲಿ ಡೈಲಿ ಬರೀತಾರಲ್ಲ."

ರತ್ನಾ ಕೂಗಾಡಲಿಲ್ಲ. ಅವಳು ಕೂಗಾಡದಿದ್ದರೆ ಏನೋ ಗ್ರಹಚಾರ ಕಾದಿದೆಯೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಭಾನುವಾರ ಬೆಳಿಗ್ಗೆ ಪ್ರಶ್ನೆಪತ್ರಿಕೆಯೊಂದನ್ನು ಪ್ರಿಂಟ್ ಹಾಕಿಸಿ ತಂದು ಮಗಳನ್ನು ಊಟದ ಮೇಜಿಗೆ ಕೂರಿಸಿದಳು, ಗಂಡನನ್ನು ಎದುರಿನ ಸೋಫಾದಲ್ಲಿ ಕೂರಿಸಿದಳು. ಮಗಳ ಪೆನ್ನು ತಪ್ಪು ಉತ್ತರದತ್ತ ಹೋದಾಗಲೆಲ್ಲ ಸೋಫಾದಿಂದ ಕೆಮ್ಮು ಕೇಳಿಸಿತು. "ಗಂಟಲು ಸರಿಯಿಲ್ಲದಿದ್ರೆ ಕಷಾಯ ಮಾಡ್ಕೊಡ್ತೀನಿ," ಅಂದಳು ರತ್ನಾ. ಕೆಮ್ಮು ನಿಂತಿತು.

ಇನ್ನೂರೈವತ್ತಕ್ಕೆ ನೂರಾ ಹನ್ನೆರಡು ಬಂತು. ಆ್ಯಪಿನ ಹಂಸಿನಿ ಅದರ ಹಿಂದಿನ ದಿನವಷ್ಟೇ ಇನ್ನೂರಾ ಹದಿನೆಂಟು ತೆಗೆದಿದ್ದಳು.

"ನನ್ನ ಹೆಸರಲ್ಲಿ ಬರೀಬೇಡಿ ಅಂತ ಯಾಕೆ ಹೇಳ್ಲಿಲ್ಲ ನೀನು?" ರತ್ನಾ ಕೇಳಿದಳು.

ಹಂಸಿನಿ ಪೆನ್ನಿನ ಮುಚ್ಚಳ ಕಚ್ಚಿದಳು. "ಫಸ್ಟ್ ಫಸ್ಟ್ ನಂಗೂ ಆರಾಮಿತ್ತು, ಯಾರೂ ಓದು ಅಂತಿರ್ಲಿಲ್ಲ. ಆಮೇಲೆ... ನಂಬರ್ ಚೆನ್ನಾಗಿ ಬಂದ ದಿನ ಅಪ್ಪ ಹಾಡು ಹೇಳ್ಕೊಂಡು ಮೆಟ್ಟಿಲು ಹತ್ತಿ ಬರ್ತಿದ್ರು. ಆಫೀಸಿಂದ ಹಾಗೆ ಬಂದಿದ್ದು ನಾನು ಕಭೀ ನೋಡಿಲ್ಲ. ಹೇಗೆ ಹೇಳೋದು?"

ಮುರಳೀಧರನಿಗೆ ನಾಚಿಕೆಯಾಯಿತು. ಸುಮ್ಮನೆ ಮೈ ಮುದುಡಿಕೊಳ್ಳುವಂಥ ನಾಚಿಕೆಯಲ್ಲ, ಎದ್ದು ಎಲ್ಲಿಗಾದರೂ ಹೋಗಿಬಿಡಬೇಕು ಅನ್ನಿಸುವಂಥದು. ಘಾಜಿಯಾಬಾದಿನ ಬಿಸಿಲಿನಲ್ಲಿ ಹೋಗುವುದೆಲ್ಲಿಗೆ? ಬಾಲ್ಕನಿಯವರೆಗೆ ಹೋಗಿ ನಿಂತ. ಅಷ್ಟರಲ್ಲಿ ರತ್ನಾ ಅವನ ಫೋನಿನಿಂದ ಆ್ಯಪ್ ತೆಗೆದುಹಾಕಿ, ಪಾಸ್‌ವರ್ಡ್ ಬದಲಿಸಿ ಮುಗಿಸಿದ್ದಳು.

ಮುಂದಿನ ದಿನಗಳು ಮುರಳೀಧರನಿಗೆ ಬೀಡಿ ಬಿಟ್ಟವನ ದಿನಗಳಾದವು. ಮೆಟ್ರೋದಲ್ಲಿ ಕೈ ತಾನಾಗಿಯೇ ಫೋನಿಗೆ ಹೋಗುತ್ತಿತ್ತು. ಎದುರಿನ ಹುಡುಗನ ಫೋನಿನಲ್ಲಿ ಗಣಿತದ ಟೆಸ್ಟ್ ಕಂಡು ಕತ್ತು ಚಾಚಿ, "ಬಿ ಹೈ ಬೇಟಾ," ಎಂದು ಉತ್ತರ ಹೇಳಿ ಬೈಸಿಕೊಂಡ. ಮನೆಯಲ್ಲಿ ಹಂಸಿನಿ ದಿನವೂ ಬರೆಯುವಳು, ತಪ್ಪುವಳು, ಪುಸ್ತಕ ತೆರೆದು ನೋಡುವಳು, ಮತ್ತೆ ಬರೆಯುವಳು. ಸಹಾಯಕ್ಕೆ ಕರೆಯಲಿಲ್ಲ.

ಒಂದು ಸಂಜೆ ಚಹಾ ಕೊಡುವ ನೆಪದಲ್ಲಿ ಅವಳ ಹಿಂದೆ ನಿಂತ. ಪರ್ಷಿಯಾದ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದದ್ದು ಯಾರ ಆಳ್ವಿಕೆಯಲ್ಲಿ ಎಂಬುದು ಪ್ರಶ್ನೆ. ಹಂಸಿನಿ ಕೃಷ್ಣದೇವರಾಯ ಎಂದು ಒತ್ತಿದಳು. ಹಾಸನದಲ್ಲಿ ಹುಟ್ಟಿದವನ ಮಗಳು! ಮುರಳೀಧರ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ನಡೆದ. ಜೀವನದಲ್ಲಿ ಗೊತ್ತಿದ್ದ ಉತ್ತರವನ್ನು ಅವನು ತಾನಾಗಿಯೇ ನುಂಗಿಕೊಂಡದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ಹಂಸಿನಿ ಖಾಲಿ ಲೋಟ ಹಿಡಿದು ಬಂದಳು.

"ಅಪ್ಪಾ, ಅದು ಎರಡನೇ ದೇವರಾಯ. ನಿಮಗೆ ಪತಾ ಥಾ?"

"ಗೊತ್ತಿತ್ತು."

"ಹೇಳ್ಲಿಲ್ಲ."

"ಇಲ್ಲ."

ಅವಳು ಲೋಟವನ್ನು ಸಿಂಕಿನಲ್ಲಿಟ್ಟು, ಅವನ ತೋಳನ್ನು ಒಮ್ಮೆ ಹಿಂಡಿ, ಹೊಸ ಟೆಸ್ಟ್ ತೆರೆಯಲು ಹೋದಳು. ಪರೀಕ್ಷೆಯ ಹಿಂದಿನ ವಾರ ಅವಳ ಅಂಕ ನೂರಾ ಐವತ್ತಾರಕ್ಕೆ ಬಂದಿತ್ತು. ಮುರಳೀಧರ ಆ ಸಲ ಹಾಡಲಿಲ್ಲ, ಆದರೆ ರಾತ್ರಿ ಊಟಕ್ಕೆ ಎರಡು ಚಪಾತಿ ಹೆಚ್ಚಿಗೆ ತಿಂದ.

ನಿಜವಾದ ಪರೀಕ್ಷೆಯಲ್ಲಿ ಅದಕ್ಕಿಂತ ತುಸು ಮೇಲೆಯೇ ಬಂತು. ಆದರೂ ದೊಡ್ಡ ಹೆಸರಿನ ಕಾಲೇಜುಗಳು ಒಂದೂ ಸಿಗಲಿಲ್ಲ. ಸೀಟು ಹಂಚಿಕೆಯ ಮೊದಲೆರಡು ಸುತ್ತಿನಲ್ಲಿ ಏನೂ ಇಲ್ಲ. ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮೂರನೆಯ ಸುತ್ತಿನಲ್ಲಿ, ಹೆಸರು ಹೇಳಿದರೆ ಜನ ಇನ್ನೊಮ್ಮೆ ಕೇಳುವಂಥ ಕಾಲೇಜೊಂದರಲ್ಲಿ, ಇತಿಹಾಸ ಆನರ್ಸ್‌ಗೆ ಸೀಟು ಬಂತು.

ಮುರಳೀಧರ ಪೇಢೆಯ ಡಬ್ಬಿ ಹಿಡಿದು ಕನ್ನಡ ಕೂಟಕ್ಕೆ ಹೋದ. ಕಾರ್ಯದರ್ಶಿ ಗುರುರಾಜ ಪೇಢೆ ತೆಗೆದುಕೊಂಡು, ಕಾಲೇಜಿನ ಹೆಸರು ಕೇಳಿ, ಹುಬ್ಬು ಗಂಟಿಕ್ಕಿದ. ಅಲ್ಲಿದ್ದವರೆಲ್ಲ ಇತ್ತ ತಿರುಗಿದರು.

"ಅಲ್ಲ ಮುರಳಿ, ಮಾಕ್‌ನಲ್ಲಿ ಇನ್ನೂರರೊಳಗೆ ರ‍್ಯಾಂಕ್ ಅಂದಿದ್ರಿ. ಇದೇನು, ಇಲ್ಲಿ ಸಿಕ್ಕಿದೆ ಸೀಟು?"

"ಆ ರ‍್ಯಾಂಕ್ ನಂದು," ಅಂದ ಮುರಳೀಧರ. "ಸೀಟು ಅವಳದು."