ಹೆಸರು ಹಿಡಿದು ಕರೆದ ಸಂಜೆ

ಹೋದ ವರ್ಷ ದಸರಾ ಸೂಟಿಯಲ್ಲಿ ನಾನು ಯುರೋಪ್ ಪ್ರವಾಸಕ್ಕೆ ಹೋಗಿದ್ದೆ. ಇಬ್ಬರು ಹೋಗಬೇಕೆಂದು ಗೊತ್ತು ಮಾಡಿದ್ದ ಪ್ರವಾಸಕ್ಕೆ ಒಬ್ಬಳೇ ಹೋಗಿ ಬಂದೆ ಎಂದರೆ ಸರಿಯಾದೀತು. ಅಲ್ಲಿ ನೋಡಿದ ಚರ್ಚು, ಅರಮನೆ, ಹಿಮದ ಗುಡ್ಡ ಎಲ್ಲ ಆಗಲೇ ಒಂದರೊಳಗೊಂದು ಕಲಸಿಹೋಗಿವೆ. ಪ್ರಾಗ್ ಎಂಬ ಹಳೆಯ ಊರಿನ ಒಂದು ಸಂಜೆ ಮಾತ್ರ ಇದ್ದ ಹಾಗೇ ಇದೆ.

ನಾನು ಶಹಾಪುರದವಳು. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ನಮ್ಮ ಮನೆಯವರು ನೀರಾವರಿ ಇಲಾಖೆಯಲ್ಲಿದ್ದರು. ಮೊದಲ ಹದಿನಾರು ವರ್ಷ ನಾರಾಯಣಪುರದ ಡ್ಯಾಮಿನ ಕ್ವಾರ್ಟರ್ಸ್‌ನಲ್ಲೇ ನಮ್ಮ ಸಂಸಾರ. ನಮಗೆ ಮಕ್ಕಳಾಗಲಿಲ್ಲ. ಅದಕ್ಕೋ ಏನೋ, ಕ್ವಾರ್ಟರ್ಸಿನ ಮಕ್ಕಳೆಲ್ಲ ಅವರ ಬೆನ್ನಿಗೇ ಇರುತ್ತಿದ್ದರು. ಸಂಜೆ ಕರೆಂಟು ಹೋದರೆ ಸಾಕು, ಆ ದಂಡು ಕಟ್ಟಿಕೊಂಡು ಕಾಲುವೆಯ ಏರಿಯ ಮೇಲೆ ಹೊರಟುಬಿಡುತ್ತಿದ್ದರು. ದಾರಿಯುದ್ದಕ್ಕೂ ದೆವ್ವದ ಕಥೆ. ಈ ಜಾಲಿಗಿಡದಾಗ ಒಬ್ಬಾಕಿ ಅದಾಳ, ಆ ತೂಬಿನ ಕೆಳಗ ಒಬ್ಬಾಂವ ಅದಾನ ಅಂತ. ಕಥೆ ಮುಗಿಯುವ ಹೊತ್ತಿಗೆ ಅವರೇ ಬಿಳಿ ಧೋತರದ ಮುಸುಕು ಹಾಕಿಕೊಂಡು ಗಿಡದ ಮರೆಯಿಂದ ಜಿಗಿಯುವರು, ಮಕ್ಕಳು ಚೀರುವರು, ನಾನು ಮನೆಯ ಮುಂದೆ ನಿಂತು "ಸಾಕ್ ಮಾಡ್ರಿ, ಊಟಕ್ಕ ಬರ್ರಿ" ಎಂದು ಕೂಗುವೆ. ವಾರಕ್ಕೆ ಎರಡು ಸಲವಾದರೂ ಇದು ಇದ್ದದ್ದೇ.

ಹೀಗೆ ಕೂಗುತ್ತಿದ್ದೆನೇ ಹೊರತು ಒಂದು ದಿನವೂ ಅವರನ್ನು ಹೆಸರು ಹಿಡಿದು ಕರೆದವಳಲ್ಲ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಹೊಸ್ತಿಲ ಮೇಲೆ ಅಡ್ಡ ನಿಂತು ಹೆಸರು ಹೇಳಿಸಿದಾಗ ಒಡಪಿನ ಪದ್ಯದೊಳಗೆ ಸೇರಿಸಿ ಹೇಳಿದ್ದೆ. ಅದೂ ಅರ್ಧ ನುಂಗಿ. ಆಮೇಲೆ ಅರ್ಜಿ, ಫಾರಂಗಳಲ್ಲಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ, ಬಾಯಲ್ಲಿ ಮಾತ್ರ ಬರಲಿಲ್ಲ. ಬ್ಯಾಂಕಿನವರು ಕೇಳಿದರೆ ಪಾಸ್‌ಬುಕ್ ಮುಂದೆ ತಳ್ಳಿ "ಇಲ್ಲಿ ಬರದೈತಿ ನೋಡ್ರಿ" ಎನ್ನುತ್ತಿದ್ದೆ. ಶ್ರೀಶೈಲದ ದೇವರದ್ದೂ ಅದೇ ಹೆಸರು. ಅಲ್ಲಿಗೆ ಹೋದಾಗ ಜನರೆಲ್ಲ ಹೆಸರೆತ್ತಿ ಕೂಗಿದರೆ ನಾನು ಬರೀ "ಅಪ್ಪಾ, ತಂದೀ" ಎಂದು ಕೈ ಮುಗಿಯುತ್ತಿದ್ದೆ.

ಇನ್ನೂ ನಗೆಗೇಡಿನ ಸಂಗತಿಯೆಂದರೆ, ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿಗೂ ಅದೇ ಹೆಸರಿತ್ತು. ಹಾಜರಿ ಕರೆಯುವಾಗ ಅವನೊಬ್ಬನಿಗೆ "ಹದಿನೇಳು" ಎನ್ನುತ್ತಿದ್ದೆ. ಒಂದು ದಿನ ಅವನ ಅವ್ವ ಶಾಲೆಗೇ ಬಂದು, "ನನ್ನ ಮಗ ಏನ್ ಕೈದಿ ಏನ್ರಿ ಟೀಚರ್, ನಂಬರ್ ಹಚ್ಚಿ ಕರೀತೀರಿ?" ಎಂದು ಜಗಳ ತೆಗೆದಳು. ಕಾರಣ ಹೇಳಿದ ಮೇಲೆ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಅವಳೂ ತನ್ನ ಗಂಡನ ಹೆಸರು ಹೇಳುವವಳಲ್ಲ.

ನಿವೃತ್ತಿಯಾದ ಮೇಲೆ ಪ್ರವಾಸದ ಹುಚ್ಚು ಹಿಡಿದದ್ದು ಅವರಿಗೇ. ಕಲಬುರಗಿಯ ಟ್ರಾವೆಲ್ಸ್‌ನವರು ಕೊಟ್ಟ ಕಾಗದವನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದವರು ಒಮ್ಮೆಲೇ ಎದ್ದು ಅಡುಗೆಮನೆಗೆ ಬಂದರು.

"ಏ ಟೀಚರ್, ಇಲ್ಲಿ ನೋಡು! ಸಂಜಿಮುಂದ ಊರಾಗೆಲ್ಲ ಅಡ್ಡಾಡಿಸಿ ದೆವ್ವದ ಕಥಿ ಹೇಳ್ತಾರಂತ. ಸಣ್ಣ ಹುಡುಗ್ರನ್ನೂ ಕರಕೊಂಡು ಬರ್ರಿ ಅಂತ ಬರದಾರ. ನಾರಾಯಣಪುರದಾಗ ನಾ ಇದನ್ನ ಪುಕ್ಕಟ ಮಾಡ್ತಿದ್ದೆ!"

ಅವರೂ ನನ್ನ ಹೆಸರು ಹಿಡಿಯುತ್ತಿರಲಿಲ್ಲ, ಟೀಚರ್ ಎನ್ನುತ್ತಿದ್ದರು. ಆ ದಿನವೇ ಇಬ್ಬರ ಹೆಸರೂ ಕೊಟ್ಟು ಬಂದರು.

ಹೊರಡಲು ಇನ್ನೂ ಒಂದೂವರೆ ತಿಂಗಳಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕುಳಿತವರು ಹಾಗೇ ಪಕ್ಕಕ್ಕೆ ವಾಲಿದರು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಸುರಪುರದಿಂದ ಅವರ ಅಣ್ಣ, ಅಂದರೆ ನನ್ನ ಭಾವನವರು, ಮನೆತನದ ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಮೂರನೆಯ ದಿನ ನಮ್ಮನ್ನು ಒಳಗೆ ಬಿಟ್ಟರು. ಅಲ್ಲಿದ್ದ ನರ್ಸ್ ನನ್ನನ್ನು ಮಂಚದ ಹತ್ತಿರ ಕರೆದಳು.

"ಅಮ್ಮಾರ, ಹೆಸರು ಹಿಡಿದು ಜೋರಾಗಿ ಕರೀರಿ. ಮನಿಯವರ ದನಿ ಕೇಳಿದ್ರ ಒಮ್ಮೊಮ್ಮೆ ಕಣ್ಣು ತೆರೀತಾರ."

ನಾನು ಬಾಗಿದೆ. ಹಿಂದೆ ಭಾವನವರು ನಿಂತಿದ್ದರು, ಆ ಹಿರಿಯರು ನಿಂತಿದ್ದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡೆ. ಆ ಹೊತ್ತಿನಲ್ಲಿ ನನ್ನ ಕೈಗೆ ಸೆರಗಿನ ಚಿಂತೆ ನೋಡಿ! "ಇಲ್ನೋಡ್ರಿ... ಕೇಳ್ರಿ ಇಲ್ಲೆ..." ಎಂದೆ. "ಹಂಗಲ್ರಿ, ಹೆಸರು, ಹೆಸರು" ಎಂದು ನರ್ಸ್ ಹೇಳಿದಳು. ನಾಲಿಗೆ ಏಳಲಿಲ್ಲ. ಮತ್ತೆ "ಇಲ್ನೋಡ್ರಿ" ಎಂದೆ. ಆಮೇಲೆ ಭಾವನವರೇ ಎರಡು ಸಲ ಕೂಗಿದರು. ಅವರು ಕಣ್ಣು ತೆರೆಯಲಿಲ್ಲ. ಮರುದಿನ ಹೋಗಿಬಿಟ್ಟರು.

ಹೋದವರು ಕನಸಿನಲ್ಲಿ ಬಂದು ಮಾತಾಡಿಸುತ್ತಾರೆ ಎಂದು ನಮ್ಮ ಕಡೆ ನಂಬುತ್ತಾರೆ. ತಿಂಗಳೊಳಗೆ ಪಕ್ಕದ ಮನೆಯಾಕೆಯ ಕನಸಿನಲ್ಲಿ ಬಂದು ಚಹಾ ಕೇಳಿದರಂತೆ. ಕೇಳಿ ನನಗೆ ಹೊಟ್ಟೆ ಉರಿಯಿತು. ಚಹಾ ಬೇಕಿದ್ದರೆ ನನ್ನನ್ನು ಕೇಳಬಾರದಿತ್ತೇ? ನನಗೆ ಅವರಿಗೊಂದು ಮಾತು ಹೇಳುವುದಿತ್ತು. ಅವತ್ತು ಕರೆಯಲು ಬಾಯಿ ಬರಲಿಲ್ಲ, ಮನಸ್ಸು ಇರಲಿಲ್ಲ ಅಂತ ಅಲ್ಲ, ಇಷ್ಟೇ. ಒಂದು ವರ್ಷ ಪೂರ್ತಿ ಕಾದೆ. ಅವರು ಬರಲಿಲ್ಲ.

ಟ್ರಾವೆಲ್ಸ್‌ನವರು ನಮ್ಮ ಪ್ರವಾಸವನ್ನು ಮುಂದಿನ ವರ್ಷಕ್ಕೆ ಹಾಕಿಕೊಟ್ಟಿದ್ದರು. ವರ್ಷದ ಕಾರ್ಯ ಮುಗಿದ ಮೇಲೆ ಭಾವನವರು, "ಹೋಗಿ ಬಾರವ್ವ. ಅಂವಾ ನೋಡಬೇಕಂದಿದ್ದನ್ನ ನೀನರ ನೋಡಿ ಬಾ" ಎಂದರು. ಹೊರಟೆ.

ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನ. ನನ್ನನ್ನು ಬಿಟ್ಟರೆ ಎಲ್ಲರೂ ಜೋಡಿ, ಇಲ್ಲವೇ ಮಕ್ಕಳೊಂದಿಗೆ ಬಂದವರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನ ಮೇಲೆ ಎಲ್ಲರ ಸ್ವೆಟರು, ಛತ್ರಿ ಬಂದು ಬೀಳುತ್ತಿದ್ದವು. ಯಾರದೂ ತಪ್ಪಿಲ್ಲ, ಖಾಲಿ ಇದ್ದಲ್ಲಿ ಇಡುತ್ತಾರೆ. ರಾಯಚೂರಿನ ಶೈಲಜಾ ಎಂಬ ಹೆಣ್ಣುಮಗಳು ಮಾತ್ರ ಇಳಿಯುವಾಗಲೆಲ್ಲ "ಟೀಚರ್, ಬರ್ರಿ" ಎಂದು ಕರೆಯುತ್ತಿದ್ದಳು.

ಪ್ರಾಗ್ ಮುಟ್ಟಿದ ದಿನ ಸಂಜೆ ಏಳಕ್ಕೆ ಆ ದೆವ್ವದ ನಡಿಗೆ. ಕೆಲವರು ಕಾಲು ನೋವೆಂದು ಹೋಟೆಲಿನಲ್ಲೇ ಉಳಿದರು. ನನ್ನ ಮೊಣಕಾಲೂ ಹಿಡಿದಿತ್ತು, ಆದರೂ ಹೋದೆ. ಕಪ್ಪು ಟೊಪ್ಪಿಗೆ ಹಾಕಿ, ಕೈಯಲ್ಲಿ ಲಾಟೀನು ಹಿಡಿದ ಹೆಂಗಸೊಬ್ಬಳು ನಮ್ಮನ್ನು ಕರೆದುಕೊಂಡು ಹೊರಟಳು. ಕಲ್ಲು ಹಾಸಿದ ಇಕ್ಕಟ್ಟಿನ ಓಣಿಗಳು, ಹಳದಿ ದೀಪ, ಮೈ ಕೊರೆಯುವ ಚಳಿ. ಅವಳು ನಿಧಾನವಾದ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದಳು, ನನಗೆ ತಿಳಿಯುತ್ತಿತ್ತು. ಒಂದು ಮನೆಯ ಮುಂದೆ ತಕ್ಕಡಿಯಲ್ಲಿ ಮೋಸ ಮಾಡಿದ ವ್ಯಾಪಾರಿಯ ದೆವ್ವ, ಬಾವಿಯ ಹತ್ತಿರ ಹಾಡುವ ಹುಡುಗಿಯ ದೆವ್ವ. ಕಥೆ ಮುಗಿಯುವಾಗ ಲಾಟೀನು ಮುಖಕ್ಕೆ ಹಿಡಿದು "ಹೋ" ಎಂದರೆ ಮಕ್ಕಳು ಕಿರುಚಿ ಅಪ್ಪ ಅಮ್ಮಂದಿರನ್ನು ಅಪ್ಪಿಕೊಳ್ಳುತ್ತಿದ್ದವು. ನಮ್ಮ ಮನೆಯವರು ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಹೇಳೋಣವೆಂದರೆ ಪಕ್ಕದಲ್ಲಿ ಯಾರಿದ್ದರು?

ಕೊನೆಗೆ ಒಂದು ಓಣಿಯ ತುದಿಯಲ್ಲಿ ನಿಲ್ಲಿಸಿದಳು. ಎದುರಿಗೆ ದೊಡ್ಡ ಕಟ್ಟಿಗೆಯ ಬಾಗಿಲು, ಅದರ ಹಿಂದೆ ಕತ್ತಲು. ಇಲ್ಲೊಬ್ಬ ಸನ್ಯಾಸಿ ಇದ್ದನಂತೆ. ದಾರಿ ತಪ್ಪಿದವರನ್ನು ದೀಪ ಹಿಡಿದು ಮನೆ ಮುಟ್ಟಿಸುವುದೇ ಅವನ ಕೆಲಸ. ಸತ್ತ ಮೇಲೂ ಅವನು ಅದನ್ನು ಬಿಟ್ಟಿಲ್ಲವಂತೆ.

"ನಿಮಗೆ ನೋಡಬೇಕೆನಿಸಿದವರ ಹೆಸರನ್ನು ಗಟ್ಟಿಯಾಗಿ ಕರೆಯಿರಿ. ಅವನು ಅವರನ್ನು ಕರೆತರುತ್ತಾನೆ" ಎಂದಳು.

ಮಕ್ಕಳಿಗೆ ಇದು ಬಹಳ ಸೇರಿತು. ಒಬ್ಬ ಅಜ್ಜನನ್ನು ಕರೆದ. ಒಬ್ಬಳು ಸತ್ತುಹೋದ ತನ್ನ ನಾಯಿಯನ್ನು "ಟಾಮೀ" ಎಂದು ಕರೆದು, ಮರುಕ್ಷಣವೇ ಹೆದರಿ ಅಪ್ಪನ ಕೋಟಿನೊಳಗೆ ಮುಖ ಹುದುಗಿಸಿದಳು. ಎಲ್ಲರೂ ಕೂಗುವುದು, ನಗುವುದು, ದೆವ್ವ ಬರದಿದ್ದರೆ ಸಾಕು ಎನ್ನುವುದು. ಅಷ್ಟು ಜನರಲ್ಲಿ ದೆವ್ವ ಬರಲಿ ಎಂದು ನಿಂತವಳು ನಾನೊಬ್ಬಳೇ.

ಆಟವೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ದೆವ್ವ ಇಲ್ಲ ಎಂದು ಪಾಠ ಹೇಳಿದವಳು ನಾನು. ಆದರೆ ಯಾರೋ ಮತ್ತೆ ನನಗೆ "ಹೆಸರು ಹಿಡಿದು ಕರೆಯಿರಿ" ಎಂದಿದ್ದರು. ಹಿಂದೆ ತಿರುಗಿ ನೋಡಿದೆ. ಭಾವನವರಿರಲಿಲ್ಲ, ಹಿರಿಯರಿರಲಿಲ್ಲ. ತಡೆಯುವವರು ಯಾರೂ ಇರಲಿಲ್ಲ. ನನ್ನವರು ಅನ್ನುವವರೂ ಯಾರೂ ಇರಲಿಲ್ಲ. ಕೈ ತಾನಾಗಿಯೇ ಸೆರಗು ಹುಡುಕಿತು. ತಲೆಯ ಮೇಲೆ ಉಣ್ಣೆಯ ಟೊಪ್ಪಿಗೆ ಇತ್ತು.

"ಮಲ್ಲಿಕಾರ್ಜುನ" ಎಂದೆ.

ದನಿ ಸಣ್ಣದಾಯಿತು ಎನಿಸಿತು. ಹೊಟ್ಟೆಯಿಂದ ಉಸಿರೆಳೆದು ಮತ್ತೆ ಕರೆದೆ. "ಮಲ್ಲಿಕಾರ್ಜುನ! ಏ ಮಲ್ಲಿಕಾರ್ಜುನ!"

ಓಣಿ ತುಂಬಿತು. ಹಾಜರಿ ಕರೆದು ಪಳಗಿದ ದನಿ ಅದು. ಮಕ್ಕಳು ಸುಮ್ಮನಾದವು.

ಬಾಗಿಲು ಕಿರ್‌ ಎಂದಿತು. ಒಳಗಿಂದ ತಲೆತುಂಬ ಬಿಳಿ ಮುಸುಕು ಹಾಕಿದ ಆಳೊಂದು ಎರಡೂ ಕೈ ಮೇಲೆತ್ತಿ ಹೊರಗೆ ಜಿಗಿಯಿತು. ಎಲ್ಲರೂ ಚೀರಿಕೊಂಡು ಹಿಂದಕ್ಕೆ ಓಡಿದರು. ನಾನು ಓಡಲಿಲ್ಲ. ಮುಂದೆ ಹೋಗಿ ಆ ಬಿಳಿ ತೋಳು ಹಿಡಿದೆ.

"ಸಾಕ್ ಮಾಡ್ರಿ, ಊಟಕ್ಕ ಬರ್ರಿ" ಎಂದೆ.

ಹೀಗೆ ಹೇಳಬೇಕೆಂದು ನಾನೇನೂ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಅದೇ. ವರ್ಷಪೂರ್ತಿ ಜೋಡಿಸಿಟ್ಟುಕೊಂಡ ಮಾತು ಎಲ್ಲಿ ಹೋಯಿತೋ ಏನೋ. ಅಷ್ಟಾದ ಮೇಲೆ ಅಳು ಬಂತು. ತಡೆಯಲಿಲ್ಲ, ಅತ್ತೆ.

ಆ ಮನುಷ್ಯ ತೋಳು ಬಿಡಿಸಿಕೊಳ್ಳಲಿಲ್ಲ. ನಗಲಿಲ್ಲ. ಇನ್ನೊಂದು ಕೈಯಿಂದ ಮುಸುಕು ತೆಗೆದ. ಹೆಚ್ಚುಕಡಿಮೆ ನನ್ನ ವಯಸ್ಸಿನವನು, ಬಿಳಿ ಮೀಸೆ, ಮುಖಕ್ಕೆ ಬಳಿದ ಸುಣ್ಣದಂಥ ಬಣ್ಣ ಬೆವರಿಗೆ ಇಳಿದಿತ್ತು. ನಾನೇ ಬಿಡುವವರೆಗೂ ಹಾಗೇ ನಿಂತಿದ್ದ. ಶೈಲಜಾ ಓಡಿ ಬಂದು ನನ್ನ ಹೆಗಲು ಹಿಡಿದಳು. ನಾನು ಏನು ಹೇಳಿದೆನೆಂದು ಅವನು ಕೇಳಿದ. ಊಟಕ್ಕೆ ಕರೆದರು, ಗಂಡ ತೀರಿಕೊಂಡಿದ್ದಾರೆ ಎಂದು ಶೈಲಜಾ ಇಂಗ್ಲಿಷಿನಲ್ಲಿ ಹೇಳಿದಳು. ಅವನು ನನಗೆ ತಲೆಬಾಗಿಸಿ, ಮೆಲ್ಲಗೆ, "ಹೋಗುತ್ತೇನೆ ಅಮ್ಮ. ಮನೆಯಲ್ಲಿ ನನ್ನ ಹೆಂಡತಿಯೂ ಊಟಕ್ಕೆ ಕಾಯುತ್ತಿದ್ದಾಳೆ" ಎಂದ.

ಒಳ್ಳೆಯ ಮಾತೇ ಆಡಿದ, ಪಾಪ. ಆದರೆ ಹೋಟೆಲಿಗೆ ಮರಳುವ ದಾರಿಯಲ್ಲಿ ಅದೊಂದೇ ಮಾತು ಚುಚ್ಚುತ್ತಿತ್ತು. ಆ ದೆವ್ವಕ್ಕೂ ಮನೆಯಿದೆ, ಕಾಯುವವಳಿದ್ದಾಳೆ. ಕೋಣೆಯಲ್ಲಿ ಎರಡು ಮಂಚಗಳಿದ್ದವು. ಒಂದರ ಮೇಲೆ ಕುಳಿತು, ಊರಿಂದ ಕಟ್ಟಿಕೊಂಡು ಹೋಗಿದ್ದ ಖಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆ. ಇವತ್ತಾದರೂ ಕನಸಿನಲ್ಲಿ ಬಂದಾರು ಎಂದು ಬೇಗ ಮಲಗಿದೆ. ಬರಲಿಲ್ಲ. ಈ ತನಕವೂ ಬಂದಿಲ್ಲ.

ಊರಿಗೆ ಬಂದ ಮೇಲೆ ದೀಪಾವಳಿಗೆ ಭಾವನವರು ಮನೆಗೆ ಬಂದರು. ಚಹಾ ಕೊಟ್ಟೆ. ಪ್ರವಾಸ ಹೇಗಾಯಿತು ಎಂದು ಕೇಳಿದರು. ಗೋಡೆಯ ಮೇಲಿನ ಫೋಟೋ ನೋಡುತ್ತ ಹೇಳಿದೆ.

"ಚಲೋ ಆತ್ರಿ ಭಾವಾರ. ಮಲ್ಲಿಕಾರ್ಜುನ ಇದ್ದಿದ್ರ ಭಾಳ ಖುಷಿ ಪಡತಿದ್ರು."

ಕಪ್ಪು ಅವರ ಕೈಯಲ್ಲೇ ನಿಂತಿತು. ಬೈಯುತ್ತಾರೆ ಎಂದುಕೊಂಡೆ. ಆಮೇಲೆ ಕಪ್ಪು ಕೆಳಗಿಟ್ಟು, ನನ್ನ ಮುಖ ನೋಡದೆ ಅಂದರು.

"ಅವತ್ತ ದವಾಖಾನಿಯೊಳಗ ನೀ ತಡವರಿಸಿದ್ದು ನಾ ನೋಡಿದ್ನೆವ್ವ. ನಾ ಹೊರಗ ಹೋಗಿ ನಿಂದ್ರಬೇಕಿತ್ತು. ಆ ಇಬ್ಬರನ್ನೂ ಕರಕೊಂಡು ಹೊರಗ ಹೋಗಬೇಕಿತ್ತು. ಆಗ ಹೊಳೀಲಿಲ್ಲ ನೋಡು."

ನನ್ನೊಬ್ಬಳದೇ ಎಂದುಕೊಂಡಿದ್ದ ಭಾರವನ್ನು ಆ ಮುದುಕರೂ ಸುರಪುರದಲ್ಲಿ ಕುಳಿತು ಹೊತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಈಗ ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಅವರ ಹೆಸರು ಹಿಡಿದು ಊಟಕ್ಕೆ ಕರೆಯುತ್ತೇನೆ. ಪಕ್ಕದ ಮನೆಯಾಕೆಗೆ ಕೇಳಿಸುತ್ತದೆ, ಕೇಳಿಸಲಿ. ಯಾರೂ ಬರುವುದಿಲ್ಲವೆಂದು ಗೊತ್ತು. ಅವತ್ತು ಕರೆದಿದ್ದರೆ ಕಣ್ಣು ತೆರೆಯುತ್ತಿದ್ದರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಕರೆಯಬೇಕಿತ್ತು.