ಬಂಬದ ಬಾಯಿಗೆ ತೆಂಗಿನಕಾಯಿ

ನಾನು ಚಿಕ್ಕವಳಿದ್ದಾಗ ಇಚಲಕರಂಜಿಯ ನಮ್ಮ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಬಂಬ ಇತ್ತು. ಬಂಬ ಅಂದರೆ ಏನು ಅಂತ ಗೊತ್ತಿಲ್ಲದವರು ಈಗಲೇ ಕೇಳಿಕೊಳ್ಳಿ, ಆಮೇಲೆ ನಡುನಡುವೆ ಬಾಯಿ ಹಾಕಬೇಡಿ. ಅದು ಹೊಟ್ಟೆ ದೊಡ್ಡದಿರುವ, ನಮ್ಮ ಸೊಂಟದೆತ್ತರದ ಪಾತ್ರೆ. ನಡುವೆ ಮೇಲಿಂದ ಕೆಳಗಿನವರೆಗೆ ಒಂದು ದಪ್ಪ ಕೊಳವೆ. ಆ ಕೊಳವೆಯೊಳಗೆ ಕಟ್ಟಿಗೆ ಚೂರು, ತೆಂಗಿನ ಚಿಪ್ಪು, ಒಣಗಿದ ಕುಳ್ಳು ಹಾಕಿ ಬೆಂಕಿ ಹಚ್ಚಿದರೆ ಸುತ್ತಲಿನ ನೀರು ಕಾಯುತ್ತಿತ್ತು. ಕೊಳವೆಯ ಪಕ್ಕದಲ್ಲಿ ನೀರು ಸುರಿಯಲು ಅಗಲವಾದ ಬಾಯಿ, ಅದಕ್ಕೊಂದು ಸಡಿಲ ಮುಚ್ಚಳ. ಬದಿಯಲ್ಲಿ ಹಿತ್ತಾಳೆಯ ನಳ. ತಳದಲ್ಲಿ ಕೆಂಡ ನಿಲ್ಲುವ ಜಾಳಿ, ಅದರ ಕೆಳಗೆ ಬೂದಿಯ ತಟ್ಟೆ. ಚಳಿಗಾಲದ ಬೆಳಗ್ಗೆ ನಾವು ಮಕ್ಕಳು ಅದಕ್ಕೆ ಬೆನ್ನು ಕಾಯಿಸಿಕೊಂಡು ನಿಲ್ಲುತ್ತಿದ್ದೆವು.

ಆ ಬಂಬ ಅವ್ವನದು. ಅವಳ ತವರಾದ ಮಹಾಗಾಂವದಿಂದ ಮದುವೆಯಲ್ಲಿ ಬಂದದ್ದು. ಬೆಂಕಿ ಹಚ್ಚುವ ಮೊದಲು ಅವ್ವ ನಳ ತಿರುಗಿಸಿ ನೀರು ಬರುತ್ತದೋ ಇಲ್ಲವೋ ನೋಡುತ್ತಿದ್ದಳು, ಮುಚ್ಚಳ ಓರೆಯಾಗಿ ಇಡುತ್ತಿದ್ದಳು. ದಿನವೂ ಅವಳ ಹಿಂದೆ ನಿಂತು ಇದನ್ನೆಲ್ಲ ನೋಡಿ ನೋಡಿ ಅಕ್ಕ ಕಲಿತಿದ್ದಳು. ನಾನು ಕಲಿಯಲಿಲ್ಲ. ನನಗೆ ಬೆನ್ನು ಕಾಯಿಸುವುದಷ್ಟೇ ಬರುತ್ತಿತ್ತು.

ಆ ವರ್ಷ ದೀಪಾವಳಿಗೆ ಅವ್ವ ಮನೆಯಲ್ಲಿರಲಿಲ್ಲ, ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆ ನೋಡಿಕೊಳ್ಳಲು ಸುಳಕೂಡದಿಂದ ಅಪ್ಪನ ಅಕ್ಕ, ಅಂದರೆ ನಮ್ಮ ಸೋದರತ್ತೆ ಬಂದಿದ್ದಳು. ಅತ್ತೆಯಷ್ಟು ಮಡಿ, ಅತ್ತೆಯಷ್ಟು ಪ್ರೀತಿ, ಅತ್ತೆಯಷ್ಟು ಮಂಡಿನೋವು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಕೆಳಗೆ ಕೂತರೆ ಏಳಿಸಲು ಇಬ್ಬರು ಬೇಕು. ನರಕ ಚತುರ್ದಶಿಯ ದಿನ ಸೂರ್ಯ ಹುಟ್ಟುವ ಮೊದಲು ಎಣ್ಣೆನೀರು ಹಾಕಿಕೊಳ್ಳದಿದ್ದರೆ ನರಕ ತಪ್ಪದು ಎಂದು ಅವಳು ಬಲವಾಗಿ ನಂಬಿದ್ದಳು. ಹುಟ್ಟಿದಾಗಿನಿಂದ ಒಮ್ಮೆಯೂ ತಪ್ಪಿಸಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅದರ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲು ತೊಳೆದು, ನೀರಿನ ಪಾತ್ರೆಗಳನ್ನು ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡುವ ಹಬ್ಬ ಅದು. ಅಕ್ಕ ಒಳಗೆ ಚಕ್ಕುಲಿ ಕರಿಯುತ್ತಿದ್ದಳು, ಎಣ್ಣೆಯ ಘಮ ಬೀದಿಯವರೆಗೆ ಹೋಗಿತ್ತು. ನಾನು ಚಕ್ಕುಲಿಯ ಕಾವಲಿಗೆ ಕೂತಿದ್ದೆ. ಬಚ್ಚಲಿನ ಕೆಲಸವನ್ನೆಲ್ಲ ಅತ್ತೆ ಒಬ್ಬಳೇ ತನ್ನ ಮೇಲೆ ಹಾಕಿಕೊಂಡಳು.

ಸುಳಕೂಡದ ಅತ್ತೆಯ ಮನೆಯಲ್ಲಿ ನೀರು ಕಾಯಿಸುವುದು ಒಲೆಯ ಮೇಲೆ ಹೂತ ಹಂಡೆಯಲ್ಲಿ. ಹಂಡೆಗೆ ನಳವಿಲ್ಲ, ಮೇಲೆ ತಟ್ಟೆ ಮುಚ್ಚಿದರೂ ಉಗಿ ಸುತ್ತಲೂ ಹೋಗುತ್ತದೆ. ಬಂಬ ಅವಳಿಗೆ ಹೊಸತು. ಹುಣಸೆಹಣ್ಣು ಬೂದಿ ಹಚ್ಚಿ ಅದನ್ನು ಬಂಗಾರದ ಹಾಗೆ ಬೆಳಗಿ ನೀರು ತುಂಬಿದಳು. ಆಮೇಲೆ ಹಬ್ಬದ ನೀರಿಗೆ ಕಲಶವಿಲ್ಲದೆ ಹೇಗೆ ಎಂದುಕೊಂಡು ಬಂಬವನ್ನೇ ಕಲಶ ಮಾಡಿಬಿಟ್ಟಳು. ಮುಚ್ಚಳ ತೆಗೆದಿಟ್ಟು, ಬಾಯಿಯ ಸುತ್ತ ವೀಳ್ಯದೆಲೆ ಜೋಡಿಸಿ, ನಡುವೆ ಒಂದು ತೆಂಗಿನಕಾಯಿ ಕೂರಿಸಿದಳು. ಕಾಯಿ ಓಲಾಡಿತಂತೆ. ಅದಕ್ಕೆ ಸುತ್ತಲೂ ಕಣಕದ ಮುದ್ದೆ ಒತ್ತಿದಳು. ಅಪ್ಪ ಮಗ್ಗದಿಂದ ತಂದಿದ್ದ ಗಟ್ಟಿ ನೂಲನ್ನು ಕಾಯಿಯ ಮೇಲೆ ಹಾಯಿಸಿ, ಎರಡೂ ಬದಿಯ ಹಿಡಿಕೆಗಳಿಗೆ ಬಿಗಿದು ಸುತ್ತಿದಳು. ಮಗ್ಗದ ಊರಿನಲ್ಲಿ ನೂಲಿಗೇನು ಬರ. ಸುತ್ತಿದ್ದೇ ಸುತ್ತಿದ್ದು. ಮೊದಲ ಜಳಕ ಆಗುವವರೆಗೆ ಕಲಶ ಅಲುಗಬಾರದು ಎಂದು ಕೈಮುಗಿದು ಹೋಗಿ ಮಲಗಿದಳು. ಇದ್ಯಾವುದನ್ನೂ ಅಕ್ಕ ನೋಡಿರಲಿಲ್ಲ.

ಮರುದಿನ ನಸುಕಿನಲ್ಲೇ ಅತ್ತೆ ಎದ್ದು ಬೆಂಕಿ ಹಚ್ಚಿದಳು. ನಾವು ಏಳುವ ಹೊತ್ತಿಗೆ ಮೈತುಂಬ ಎಣ್ಣೆ ಬಳಿದುಕೊಂಡು, ಸೀರೆಯನ್ನು ಮೇಲೆ ಕಟ್ಟಿಕೊಂಡು, ಬಂಬದ ಪಕ್ಕದ ಮಣೆಯ ಮೇಲೆ ಕೂತಾಗಿತ್ತು. ತಾನು ಮೊದಲು ಮುಗಿಸಿ ಆಮೇಲೆ ಎಲ್ಲರಿಗೂ ಎಣ್ಣೆ ಹಚ್ಚಬೇಕೆಂಬುದು ಅವಳ ಲೆಕ್ಕ. ಆದರೆ ನಳ ತಿರುಗಿಸಿದರೆ ನೀರೇ ಇಲ್ಲ. ತಿಕ್ಕುವಾಗ ಹುಣಸೆಯ ನಾರು ಹೋಗಿ ನಳದಲ್ಲಿ ಸಿಕ್ಕಿಕೊಂಡಿತ್ತು. ಅತ್ತೆ ಕೂಗಿದಳು, ಅಪ್ಪ ಹೋದ. ತಂಬಿಗೆಯಿಂದ ನಳಕ್ಕೆ ಎರಡು ಏಟು ಹಾಕಿದ. ಒಂದು ಹನಿಯೂ ಬರಲಿಲ್ಲ.

ನಮ್ಮೂರಿನಲ್ಲಿ ಹಗಲು ರಾತ್ರಿ ಮಗ್ಗಗಳ ಖಟಖಟ. ಪಕ್ಕದಲ್ಲಿ ನಿಂತು ಮಾತಾಡಿದರೂ ಕೂಗಬೇಕು. ದೀಪಾವಳಿಗೆ ಮಾತ್ರ ಎಲ್ಲ ನಿಲ್ಲುತ್ತಿದ್ದವು, ಊರು ಒಮ್ಮೆಲೇ ಕಿವುಡಾದ ಹಾಗೆ ಅನಿಸುತ್ತಿತ್ತು. ಆ ನಿಶ್ಶಬ್ದದಲ್ಲಿ ಅಕ್ಕನಿಗೆ ಬಚ್ಚಲಿನಿಂದ ಒಂದು ಸದ್ದು ಕೇಳಿತು. ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡಂಥ ಗುಂಯ್ ಸದ್ದು. ಅಕ್ಕ ಮೈಗೆ ತಿಕ್ಕಿಕೊಳ್ಳುವ ಉಟಣೆಯ ಪುಡಿ ಕಲಸುತ್ತಿದ್ದ ಬಟ್ಟಲನ್ನು ಹಾಗೇ ಬಿಟ್ಟು ಓಡಿದಳು, ಅವಳ ಹಿಂದೆ ನಾನು.

ಬಾಗಿಲಲ್ಲಿ ನಿಂತು ಅವಳು ಒಂದೇ ನೋಟದಲ್ಲಿ ಎಲ್ಲವನ್ನೂ ನೋಡಿದಳು. ಬಾಯಿಗೆ ಬಿಗಿದ ತೆಂಗಿನಕಾಯಿ. ಕಾವಿಗೆ ಒಣ ರೊಟ್ಟಿಯ ಹಾಗೆ ಸುಟ್ಟು ಗಟ್ಟಿಯಾದ ಕಣಕ. ಕಟ್ಟಿಕೊಂಡ ನಳ. ಕೊಳವೆಯಲ್ಲಿ ಧಗಧಗ ಉರಿ. ಪಕ್ಕದಲ್ಲೇ ಅತ್ತೆ. ಅಪ್ಪನ ಕೈಯಲ್ಲಿ ತಣ್ಣೀರಿನ ಕೊಡ, ಕೊಳವೆಯೊಳಗೆ ಸುರಿಯಲು ಎತ್ತಿಯಾಗಿತ್ತು.

"ಅಪ್ಪಾ, ಸುರೀಬ್ಯಾಡ್ರಿ," ಎಂದಳು ಅಕ್ಕ. "ಕೆಂಡದ ಮ್ಯಾಲ ನೀರು ಬಿದ್ದರ ಬೂದಿ, ಉಗಿ ಎಲ್ಲಾ ನಿಮ್ಮ ಮಾರಿಗೇ ಬರತೈತಿ. ಕಾದ ತಾಂಬ್ರ ಸೀಳತೈತಿ. ಒಳಗಿನ ಉಗಿಗೆ ಹೊರಗ ಬರಾಕ ದಾರಿ ಇಲ್ಲರಿ."

ಅಪ್ಪನಿಗೆ ಸಿಟ್ಟು ಬಂತು. ಹುಡುಗಿಯರು ಆ ಕಡೆ ಸರಿಯಿರಿ, ಹಾಗಾದರೆ ನೂಲು ಕತ್ತರಿಸಿ ಕಾಯಿ ತೆಗೆದುಬಿಡುತ್ತೇನೆ ಎಂದು ಕೊಡ ಇಳಿಸಿ ಕುಡಗೋಲಿಗೆ ಕೈ ಹಾಕಿದ. ಅಕ್ಕ ಅಪ್ಪನಿಗೆ ಎದುರು ಮಾತಾಡಿದವಳೇ ಅಲ್ಲ. ಅವತ್ತು ಎರಡೂ ಕೈ ಚಾಚಿ ಬಂಬಕ್ಕೂ ಅಪ್ಪನಿಗೂ ನಡುವೆ ನಿಂತಳು. ಕಾಯಿ ತೆಗೆದರೆ ಕುದಿನೀರು ತೆಗೆದವರ ಮೇಲೇ ಚಿಮ್ಮುತ್ತದೆ, ಮೊದಲು ಅತ್ತೆಯನ್ನು ಹೊರಗೆ ತರಬೇಕು, ಆಮೇಲೆ ಬೆಂಕಿ ಎಳೆಯಬೇಕು, ಬಂಬ ಹೋದರೆ ಹೋಗಲಿ ಎಂದಳು. ಅವ್ವನ ತವರಿನ ಬಂಬವನ್ನು ಹೋದರೆ ಹೋಗಲಿ ಅಂದಳಲ್ಲ, ಅದು ಅಪ್ಪನಿಗೆ ನಾಟಿತು. ಕುಡಗೋಲು ಕೆಳಗಿಟ್ಟ.

ಈಗ ಅತ್ತೆಯ ತಕರಾರು ಶುರುವಾಯಿತು. ಪೂರ್ವದಲ್ಲಿ ಬೆಳ್ಳಗಾಗುತ್ತಿತ್ತು.

"ಸೂರ್ಯಾ ಹುಟ್ಟೂದ್ರೊಳಗ ನನ್ನ ಜಳಕ ಆಗಬೇಕವ್ವಾ. ಈ ವಯಸ್ಸಿನ್ಯಾಗ ನರಕಕ್ಕ ಹೋಗಲೇನು?"

"ನರಕದ್ದು ಆಮ್ಯಾಲ ನೋಡೂಣ್ರಿ ಅತ್ತಿ. ಮೊದಲ ಬಚ್ಚಲದಿಂದ ಹೊರಗ ಬರ್ರಿ," ಎಂದಳು ಅಕ್ಕ.

ಬರುವುದು ಅಂದರೆ ಹೇಗೆ? ಅಪ್ಪ ಒಂದು ರಟ್ಟೆ, ಅಕ್ಕ ಒಂದು ರಟ್ಟೆ ಹಿಡಿದರು. ಎಣ್ಣೆ ಬಳಿದ ಮೈ, ಹಿಡಿದಲ್ಲೆಲ್ಲ ಜಾರಿತು. ಇನ್ನೊಮ್ಮೆ ಹಿಡಿದರು, ಇನ್ನೊಮ್ಮೆ ಜಾರಿತು. ನಗಬೇಡಿ, ಅಲ್ಲಿ ಯಾರೂ ನಗಲಿಲ್ಲ. ಬಂಬದ ಗುಂಯ್ ಸದ್ದು ಏರುತ್ತಾ ಸಣ್ಣ ಕೀರಲು ದನಿಯಾಗಿತ್ತು, ನೂಲು ವೀಣೆಯ ತಂತಿಯಷ್ಟು ಬಿಗಿದಿತ್ತು. ಆಗ ಅಕ್ಕ ಅತ್ತೆಯನ್ನು ಬಿಟ್ಟು ಮಣೆಗೆ ಕೈ ಹಾಕಿದಳು. ಅಪ್ಪನಿಗೂ ತಿಳಿಯಿತು. ಇಬ್ಬರೂ ಬಗ್ಗಿ ಮಣೆಯನ್ನೇ ಎಳೆದರು. ಒದ್ದೆಯಾದ ಕಲ್ಲು ಹಾಸಿನ ಮೇಲೆ ಮಣೆ ಸರ್ರೆಂದು ಜಾರಿತು. ನಮ್ಮ ಅತ್ತೆ ರಾಣಿಯ ಹಾಗೆ ಕೂತುಕೊಂಡೇ, ದೇವರ ಹೆಸರು ಹೇಳುತ್ತಾ, ಬಚ್ಚಲು ದಾಟಿ ಅಂಗಳದ ತುದಿಯ ತುಳಸಿಕಟ್ಟೆಯವರೆಗೆ ಬಂದಳು.

ಬಚ್ಚಲಿನ ಆಚೆ ಗೋಡೆಗೆ ಹತ್ತಿಯೇ ಪಕ್ಕದ ಮನೆಯವರ ಅಡುಗೆಮನೆ. ಅವರನ್ನು ಎಬ್ಬಿಸಿ ಹೊರಗೆ ಕರೆಯಲು ಅಕ್ಕ ನನ್ನನ್ನು ಓಡಿಸಿದಳು. ನಾನು ಮರಾಠಿ, ಕನ್ನಡ ಎರಡರಲ್ಲೂ ಕಿರುಚಿದೆ. ನಾವು ಕಾಕು, ಅಂದರೆ ಚಿಕ್ಕಮ್ಮ ಅಂತ ಕರೆಯುತ್ತಿದ್ದ ಪಕ್ಕದ ಮನೆಯವರು, ಅವರ ಮಕ್ಕಳು, ಅವರಾಚೆಯವರು ಎಲ್ಲರೂ ಕೈಯಲ್ಲಿ ದೀಪ, ತಲೆಯಲ್ಲಿ ಎಣ್ಣೆ ಇಟ್ಟುಕೊಂಡೇ ಅಂಗಳಕ್ಕೆ ಬಂದರು.

ಇನ್ನು ಉಳಿದದ್ದು ಬೆಂಕಿ. ಹೊರಗಿನ ಗೋಡೆಗೆ ಒರಗಿಸಿದ್ದ ಉದ್ದನೆಯ ಕೊಕ್ಕೆ ಸರಳನ್ನು ಅಕ್ಕ ತಂದಳು. ಒಳಗೆ ಕಾಲಿಡಕೂಡದು ಎಂದು ಅವಳೇ ಅಪ್ಪನಿಗೆ ಹೇಳಿದಳು. ಇಬ್ಬರೂ ಬಾಗಿಲಿನ ಪಕ್ಕದ ಗೋಡೆಯ ಮರೆಯಲ್ಲಿ ನಿಂತು, ಸರಳನ್ನಷ್ಟೇ ಒಳಗೆ ಚಾಚಿ, ಜಾಳಿಗೆ ಕೊಕ್ಕೆ ಸಿಕ್ಕಿಸಿ ಎಳೆದರು. ಉರಿಯುವ ಕೆಂಡವೆಲ್ಲ ಧೊಪ್ಪೆಂದು ಬೂದಿಯ ತಟ್ಟೆಗೆ ಬಿತ್ತು. ಆ ತಟ್ಟೆಯನ್ನೂ ಹಾಗೇ ಎಳೆದು ಅಂಗಳಕ್ಕೆ ತಂದು, ಮೇಲೆ ಮಣ್ಣು ಸುರಿದರು. ಅಕ್ಕ ಬಚ್ಚಲಿನ ತಗಡಿನ ಬಾಗಿಲು ಮುಂದೆ ಮಾಡಿ ಹೊರಗಿನಿಂದ ಚಿಲಕ ಹಾಕಿದಳು. ಬಂದು ಅತ್ತೆಯ ಪಕ್ಕದಲ್ಲಿ ನಿಂತಳು. ಅವಳ ಮುಖದ ಮೇಲೆಲ್ಲ ಬೂದಿ.

ನಾವೆಲ್ಲ ಬಾಗಿಲನ್ನೇ ನೋಡುತ್ತಾ ನಿಂತೆವು. ಕೀರಲು ದನಿ ನಿಲ್ಲಲಿಲ್ಲ. ಇಷ್ಟಕ್ಕೆಲ್ಲ ಇಷ್ಟು ಗದ್ದಲ ಬೇಕಿತ್ತೇ ಎಂದು ಯಾರೋ ಗೊಣಗಿದರು. ಅತ್ತೆಯಂತೂ ಆಕಾಶ ನೋಡಿ ನೋಡಿ ನಿಟ್ಟುಸಿರು ಬಿಟ್ಟಳು. ಅಷ್ಟರಲ್ಲಿ ಒಳಗೆ ಠಪ್ ಎಂದು ನೂಲು ಹರಿಯಿತು. ಅದರ ಹಿಂದೆಯೇ ಢಂ ಎಂದು ಬಚ್ಚಲಿನ ಮಾಡಿನ ತಗಡು ಅದುರಿತು. ಬಾಗಿಲ ಸಂದಿಯಿಂದ, ತಗಡಿನ ಅಂಚಿನಿಂದ ಬೆಳ್ಳನೆ ಉಗಿ ಬುಸುಬುಸು ಹೊರಗೆ ನುಗ್ಗಿತು. ಕಲ್ಲಿನ ಮೇಲೆ ಕುದಿನೀರು ಬೀಳುವ ಸದ್ದು ಅಂಗಳದ ತುದಿಗೂ ಕೇಳಿಸಿತು. ಆಮೇಲೆ ಬಂಬ ಸುಮ್ಮನಾಯಿತು.

ಎಷ್ಟೋ ಹೊತ್ತಿನ ಮೇಲೆ ಅಪ್ಪ ಬಾಗಿಲು ತೆರೆದು ನೋಡಿದ. ತೆಂಗಿನಕಾಯಿ ಮೇಲಿನ ತಗಡನ್ನು ತಗ್ಗು ಮಾಡಿ, ಒಡೆದು ಎರಡು ಹೋಳಾಗಿ ಬಿದ್ದಿತ್ತು. ಅತ್ತೆ ಕೂತಿದ್ದ ಜಾಗದಲ್ಲಿ ಕುದಿನೀರು ನಿಂತು ಇನ್ನೂ ಹೊಗೆಯಾಡುತ್ತಿತ್ತು. ಅಪ್ಪ ಆ ಜಾಗ ನೋಡಿದ, ಆಮೇಲೆ ಅಕ್ಕನ ಮುಖ ನೋಡಿದ. ತನ್ನ ಹೆಗಲ ಮೇಲಿನ ಟವೆಲಿನಿಂದ ಅವಳ ಮುಖದ ಬೂದಿ ಒರೆಸಿದ. ನನಗೆ ಆ ಗಳಿಗೆಯಲ್ಲಿ ಅಕ್ಕನ ಮೇಲೆ ಬಂದಷ್ಟು ಹೆಮ್ಮೆ ಆಮೇಲೆ ಯಾರ ಮೇಲೂ ಬಂದಿಲ್ಲ, ನನ್ನ ಸ್ವಂತ ಮಕ್ಕಳ ಮೇಲೂ ಇಲ್ಲ. ನಿಮ್ಮ ಅಪ್ಪನಿಗೆ ಹೇಳಿದರೆ ಹೇಳಿಕೊಳ್ಳಿ.

ಅಯ್ಯೋ, ಅತ್ತೆಯ ಜಳಕ ಹೇಳುವುದೇ ಬಿಟ್ಟೆ. ಉಗಿ ನುಗ್ಗಿ ಬಂಬ ಸುಮ್ಮನಾದ ಕೂಡಲೇ, ಅಪ್ಪ ಇನ್ನೂ ಬಾಗಿಲು ತೆರೆಯುವ ಮೊದಲೇ, ಪಕ್ಕದ ಮನೆಯ ಕಾಕು ತಮ್ಮ ಬಂಬದಿಂದ ಒಂದು ಬಿಂದಿಗೆ ತಂದು "ಘ್ಯಾ ವನ್ಸಂ, ಗರಮ್ ಪಾಣಿ ಘ್ಯಾ" ಅಂದರು. ನಾದಿನಿಗೆ ಹೇಳುವ ಹಾಗೆ, ತಗೊಳ್ಳಿ ಬಿಸಿನೀರು ಅಂದರು. ಅವರ ಹಿಂದೆ ಇನ್ನೊಬ್ಬರು ಬಕೆಟ್ ತಂದರು, ಮತ್ತೊಬ್ಬರು ತಪ್ಪಲೆ ತಂದರು. ಹೆಂಗಸರು ತುಳಸಿಕಟ್ಟೆಯ ಹತ್ತಿರ ಸೀರೆ ಅಡ್ಡ ಹಿಡಿದರು. ಅದೇ ಮಣೆಯ ಮೇಲೆ, ಊರಿನ ಅರ್ಧ ಬಂಬಗಳ ನೀರಿನಲ್ಲಿ ಅತ್ತೆಯ ಅಭ್ಯಂಗ ಸ್ನಾನ ಆಯಿತು. ನರಕಾಸುರನೆಂದು ಕಾರೀಟದ ಕಹಿಕಾಯಿಯನ್ನು ಕಾಲಿನ ಕೆಳಗೆ ಇಟ್ಟು ಒಡೆದಾಗ ಸೂರ್ಯ ಇನ್ನೂ ಮೂಡಿರಲಿಲ್ಲ. ಅತ್ತೆ ಒದ್ದೆ ತಲೆಯಲ್ಲೇ ಕೈಯೆತ್ತಿ ನಕ್ಕಳು. ಆಗ ಎಲ್ಲರೂ ನಕ್ಕರು. ಮಕ್ಕಳು ಪಟಾಕಿ ಹಚ್ಚಿದರು.

ಜಳಕವಾದ ಮೇಲೆ ಆರತಿ. ನಮ್ಮಲ್ಲಿ ಆವತ್ತು ಹೆಂಗಸರು ಆರತಿ ಎತ್ತುವುದು, ಗಂಡಸರು ಕೂತು ಎತ್ತಿಸಿಕೊಳ್ಳುವುದು. ಅಪ್ಪ ರೂಢಿಯಂತೆ ಮಣೆಯ ಮೇಲೆ ಬಂದು ಕೂತ. ಅಕ್ಕ ಆರತಿಯ ತಟ್ಟೆ ತಂದಳು. ಅತ್ತೆ ಆ ತಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಅಪ್ಪನಿಗೆ ಏಳು ಅಂದಳು.

"ಇವತ್ತ ಈ ಮನಿ ಜೀವಾ ಉಳಿಸಿದಾಕಿ ಇಲ್ಲಿ ಕುಂಡ್ರತಾಳ. ನೀ ಆಮ್ಯಾಲ ಕುಂಡ್ರು."

ಅಪ್ಪ ತಟ್ಟನೆ ಎದ್ದು ಜಾಗ ಬಿಟ್ಟ. ಅಕ್ಕ ನಾಚಿಕೊಂಡು ಕೂತಳು. ಅತ್ತೆ ಅವಳ ಹಣೆಗೆ ಕುಂಕುಮ ಹಚ್ಚಿ, ಕಣ್ಣೀರು ಸುರಿಸುತ್ತಾ ಆರತಿ ಎತ್ತಿದಳು. ಅಂಗಳದ ಜನವೆಲ್ಲ ನೋಡಿದರು. ಕಾಕು ತಮ್ಮ ಮಗಳನ್ನೂ ಎಳೆದು ಪಕ್ಕದಲ್ಲಿ ಕೂರಿಸಿದರು. ಬಂಬಕ್ಕೆ ಏನೂ ಆಗಿರಲಿಲ್ಲ. ಅಪ್ಪ ಅದನ್ನು ಕೊಲ್ಹಾಪುರದಲ್ಲಿ ತಾಮ್ರದ ಕೆಲಸ ಮಾಡುವ ತಾಂಬಟರ ಅಂಗಡಿಗೆ ಒಯ್ದು ನಳ ಬದಲಿಸಿ ತಂದ. ಅವ್ವ ತಮ್ಮನನ್ನು ಎತ್ತಿಕೊಂಡು ಬಂದವಳು ಮೊದಲು ಕೇಳಿದ್ದು ಅತ್ತೆ ಹೇಗಿದ್ದಾಳೆ ಎಂದು, ಆಮೇಲೆಯೇ ಬಂಬವನ್ನು ನೋಡಿದ್ದು.

ಈಗ ಈ ಗಡಹಿಂಗ್ಲಜದ ನಮ್ಮ ಮನೆಯಲ್ಲಿ ನಿಮಗೆ ಬಿಸಿನೀರು ಗೋಡೆಯಿಂದ ಬರುತ್ತದೆ. ಬೆಂಕಿ ಕಾಣದು, ಹೊಗೆ ಇಲ್ಲ, ಬೆನ್ನು ಕಾಯಿಸಲು ಜಾಗವೂ ಇಲ್ಲ. ಬಿಳಿ ಡಬ್ಬಿ, ಅದಕ್ಕೊಂದು ಕೆಂಪು ದೀಪ, ಅಷ್ಟೇ. ಒಳಗೆ ಕುದಿಯುವುದು ಮಾತ್ರ ನಮ್ಮ ಬಂಬದ ನೀರೇ. ಅದು ವಿಚಿತ್ರ ಸದ್ದು ಮಾಡಿದರೆ, ಸೋರಿದರೆ, ಉಗಿ ಬಿಟ್ಟರೆ ನೀವೇ ಜಾಣರಾಗಿ ಬಿಚ್ಚಲು ಹೋಗಬೇಡಿ. ಬಚ್ಚಲಲ್ಲಿದ್ದವರನ್ನು ಹೊರಗೆ ಕರೆಯಿರಿ, ದೊಡ್ಡವರಿಗೆ ಹೇಳಿ ಹೊರಗಿನ ಸ್ವಿಚ್ಚು ಆರಿಸಿ, ಬಾಗಿಲು ಮುಂದೆ ಮಾಡಿ, ರಿಪೇರಿಯವರು ಬರುವವರೆಗೆ ಕಾಯಿರಿ. ಜಳಕ ತಡವಾದರೆ ಆಗಲಿ, ಪಕ್ಕದ ಮನೆಯವರ ಹತ್ತಿರ ಬಕೆಟ್ ಇದೆ.

ಹೋದ ದೀಪಾವಳಿಗೆ ನಿಮ್ಮಲ್ಲೊಬ್ಬ, ಹೆಸರು ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಮೊದಲ ಆರತಿ ಹುಡುಗರಿಗೆ, ನಮ್ಮ ಮನೆಯಲ್ಲಿ ಮಾತ್ರ ಯಾಕೆ ಹುಡುಗಿಯರಿಗೆ ಎಂದು ಮುಖ ಊದಿಸಿಕೊಂಡು ಕೂತಿದ್ದ. ಈಗ ಗೊತ್ತಾಯಿತಲ್ಲ. ಈ ವರ್ಷ ಹುಡುಗಿಯರ ಆರತಿಯ ಮಣೆಯನ್ನು ಅವನೇ ತಂದು ಹಾಕಲಿ.